42,875ನೇ ಒಂದು ಪಾಲು

ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಚೀತಾ ಹೆಲಿಕಾಪ್ಟರ್ ಖಾಲಿ ಇರುವಾಗ ಸುಮಾರು ಒಂದು ಟನ್ ತೂಗುತ್ತದೆ. ಅದನ್ನು ಎಲ್ಲ ಕಡೆಯಿಂದಲೂ 35 ಪಟ್ಟು ಕುಗ್ಗಿಸಿ ಮೇಜಿನ ಮೇಲಿಟ್ಟರೆ ಎಷ್ಟು ತೂಗಬೇಕು? ಸಾವಿರ ಕಿಲೋವನ್ನು 35ರಿಂದ ಭಾಗಿಸಿ 28 ಕಿಲೋ ಚಿಲ್ಲರೆ ಅನ್ನುವ ಕಡೆಗೇ ಮೊದಲು ಮನಸ್ಸು ಓಡುತ್ತದೆ. ಸರಿಯಾದ ಉತ್ತರ 23 ಗ್ರಾಂ.

ಉದ್ದ 35 ಪಟ್ಟು ಕುಗ್ಗಿದರೆ ಅಗಲವೂ ಎತ್ತರವೂ ಅಷ್ಟೇ ಕುಗ್ಗುತ್ತವೆ. ಹಾಗಾಗಿ ಮೈಯ ಹರವು 35ರ ವರ್ಗದಷ್ಟು, ಅಂದರೆ 1,225 ಪಟ್ಟು ಇಳಿಯುತ್ತದೆ; ಗಾತ್ರವೂ ಅದರ ಜೊತೆ ತೂಕವೂ 35ರ ಘನದಷ್ಟು, 42,875 ಪಟ್ಟು ಇಳಿಯುತ್ತವೆ. 1638ರಲ್ಲೇ ಗೆಲಿಲಿಯೊ ಬರೆದಿಟ್ಟ ವಿಚಾರ ಇದು. ಆನೆಯ ಕಾಲು ಇರುವೆಯ ಕಾಲಿನಂತೆ ಸಣಕಲಾಗಿರಲು ಸಾಧ್ಯವಿಲ್ಲದ್ದಕ್ಕೆ ಇದೇ ಕಾರಣ. ಗಣಿತವಾಗಿ ಓದಿದಾಗ ಇದು ಸಾದಾ ಸೂತ್ರ. ಸಿಯಾಚಿನ್‌ನ ಒಂದು ಸೇನಾ ಠಾಣೆ, ಅಲ್ಲಿಗೆ ಬಂದಿಳಿದ ಒಂದು ಚೀತಾ, ಸುತ್ತ ನಾಲ್ಕಾರು ಸೈನಿಕರು, ಇಷ್ಟನ್ನು ಮೇಜಿನ ಮೇಲೆ ಡಯೊರಾಮಾ ಆಗಿ ಕಟ್ಟಲು ಕೂತಾಗ ಮಾತ್ರ ಈ ಸೂತ್ರ ನಮ್ಮ ಅಂದಾಜುಗಳನ್ನೆಲ್ಲ ಬುಡಮೇಲು ಮಾಡುತ್ತದೆ.

35 ಎಂಬ ಸಂಖ್ಯೆ ಎಲ್ಲಿಂದ ಬಂತು? 1960ರ ದಶಕದ ಆರಂಭದಲ್ಲಿ ಜಪಾನಿನ ಶಿಜುವೊಕಾ ನಗರದ ತಾಮಿಯಾ ಕಂಪನಿ, ಮೋಟರಿನಿಂದ ಓಡುವ ಪ್ಯಾಂಥರ್ ಟ್ಯಾಂಕಿನ ಪ್ಲಾಸ್ಟಿಕ್ ಕಿಟ್ ಹೊರತಂದಿತು. ಒಳಗೆ ಮೋಟರ್ ಮತ್ತು ಬ್ಯಾಟರಿ ಹಿಡಿಸಬೇಕಿತ್ತು. ಅವು ಹಿಡಿಸುವಷ್ಟು ದೊಡ್ಡದಾಗಿ ಟ್ಯಾಂಕ್ ಮಾಡಿ ಆಮೇಲೆ ಅಳೆದು ನೋಡಿದರೆ ಅದು ನಿಜದ 35ನೇ ಒಂದು ಪಾಲಿನ ಹತ್ತಿರ ಇತ್ತು. ಇವತ್ತು ಪ್ರಪಂಚದಾದ್ಯಂತ ಸೇನಾ ಮಾಡೆಲ್ ಕಟ್ಟುವವರು ಹೆಚ್ಚಾಗಿ ಬಳಸುವ ಪ್ರಮಾಣ ಹುಟ್ಟಿದ್ದು ಒಂದು ಬ್ಯಾಟರಿಯ ಅಳತೆಯಿಂದ. ಈ ಪ್ರಮಾಣದಲ್ಲಿ 175 ಸೆಂಟಿಮೀಟರ್ ಎತ್ತರದ ಸೈನಿಕ ಸರಿಯಾಗಿ 5 ಸೆಂಟಿಮೀಟರ್ ಆಗುತ್ತಾನೆ. 70 ಕಿಲೋ ಮೈತೂಕ 1.6 ಗ್ರಾಂಗೆ ಇಳಿಯುತ್ತದೆ. ಚೀತಾದ 11 ಮೀಟರ್ ವ್ಯಾಸದ ರೋಟರ್ 31 ಸೆಂಟಿಮೀಟರ್ ಆಗುತ್ತದೆ. ನೆಲದಿಂದ ಮೇಲಿನ ತುದಿಗೆ 3 ಮೀಟರಿಗಿಂತ ತುಸು ಹೆಚ್ಚಿರುವ ಎತ್ತರ 9 ಸೆಂಟಿಮೀಟರಿನೊಳಗೆ ಬಂದುಬಿಡುತ್ತದೆ. 575 ಲೀಟರ್ ಹಿಡಿಯುವ ಇಂಧನದ ಟ್ಯಾಂಕಿಗೆ 13 ಮಿಲಿಲೀಟರ್ ಸಾಕು, ಮೂರು ಟೀಚಮಚ ಪೂರ್ತಿ ಬೇಕಾಗುವುದಿಲ್ಲ.

ಚೀತಾವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಫ್ರಾನ್ಸಿನ ಸುಡ್ ಏವಿಯಾಸಿಯೊಂ ಕಂಪನಿ 1960ರ ದಶಕದ ಕೊನೆಗೆ ಈ ವಿನ್ಯಾಸ ಮಾಡಿದ್ದೇ ಭಾರತದ ಸೇನೆಗಳ ಬೇಡಿಕೆಗಾಗಿ. ಹಿಮಾಲಯದ ತೆಳುಗಾಳಿಯಲ್ಲಿ ಏರಬಲ್ಲ ಹೆಲಿಕಾಪ್ಟರ್ ನಮಗೆ ಬೇಕಿತ್ತು. ತಮ್ಮದೇ ಹಳೆಯ ಹೆಲಿಕಾಪ್ಟರ್ ಆಲ್ವೆಟ್-2ರ ಹಗುರ ಒಡಲಿಗೆ ಆಲ್ವೆಟ್-3ರ ಬಲವಾದ ಎಂಜಿನ್ ಮತ್ತು ರೋಟರ್ ಕೂಡಿಸಿದರು. ಫ್ರಾನ್ಸಿನಲ್ಲಿ ಅದಕ್ಕೆ ಲಾಮಾ ಎಂದು ಹೆಸರು, ಬೆಂಗಳೂರಿನಲ್ಲಿ ತಯಾರಾದದ್ದಕ್ಕೆ ಚೀತಾ. 1969ರಲ್ಲಿ ಹಿಮಾಲಯದಲ್ಲಿ ನಡೆದ ಪರೀಕ್ಷೆಗಳಲ್ಲಿ ಅದು ಇಬ್ಬರನ್ನು ಹೊತ್ತು 7,500 ಮೀಟರ್ ಎತ್ತರದಲ್ಲಿ ಇಳಿದು ಮತ್ತೆ ಏರಿತು. 1972ರ ಜೂನ್ 21ರಂದು ಫ್ರಾನ್ಸಿನ ಇಸ್ತ್ರ್‌ನಲ್ಲಿ ಜ್ಯಾಂ ಬೂಲೆ ಎಂಬ ಪೈಲಟ್ ಲಾಮಾವನ್ನು 12,442 ಮೀಟರಿಗೆ ಏರಿಸಿದರು. ಅಷ್ಟು ಮೇಲೆ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಿಕೊಳ್ಳಲಿಲ್ಲ. ಗಾಳಿಗೆ ತಾನಾಗಿ ತಿರುಗುವ ರೋಟರನ್ನೇ ನಂಬಿ ಅವರು ಸುರಕ್ಷಿತವಾಗಿ ನೆಲಕ್ಕಿಳಿದರು. ಆ ದಾಖಲೆ ದಶಕಗಳ ಕಾಲ ಅಳಿಯದೆ ನಿಂತಿತು. ನಮ್ಮ ಪ್ರಮಾಣಕ್ಕೆ ಇಳಿಸಿದರೆ, ಮೇಜಿನ ಮೇಲಿನ ಪುಟ್ಟ ಯಂತ್ರ 355 ಮೀಟರ್ ಮೇಲೇರಿ, ಎಂಜಿನ್ ಸತ್ತು, ವಾಪಸ್ ಬಂದು ಸರಿಯಾಗಿ ಕೂತ ಹಾಗೆ.

ಕಟ್ಟುವವನ ಕೈಗೆ ಚೀತಾ ಒಂದು ಹಬ್ಬ. ಅದರ ಬಾಲಕ್ಕೆ ಹೊದಿಕೆಯೇ ಇಲ್ಲ. ಕೊಳವೆಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸೆದ ಬರಿಯ ಹಂದರ. ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದರೆ ಅದು ದಪ್ಪವಾಗುತ್ತದೆ, ಹಿತ್ತಾಳೆ ತಂತಿ ತಂದು ಬೆಸುಗೆ ಹಾಕುವುದೇ ಸರಿ. ಒಂದು ಮಿಲಿಮೀಟರ್ ತಂತಿ ಇಲ್ಲಿ ಮೂರೂವರೆ ಸೆಂಟಿಮೀಟರ್ ಕೊಳವೆಗೆ ಸಮ. ತಂತಿ ಕತ್ತರಿಸುವಾಗ 0.2 ಮಿಲಿಮೀಟರ್ ಆಚೀಚೆ ಆದರೆ ನಿಜದ ಯಂತ್ರದಲ್ಲಿ 7 ಮಿಲಿಮೀಟರ್ ತಪ್ಪು. ಎಚ್‌ಎಎಲ್‌ನ ಬೆಸುಗೆಗಾರ ಅಂಥ ಕೊಳವೆಯನ್ನು ಪಕ್ಕಕ್ಕೆ ಎಸೆಯುತ್ತಿದ್ದ.

ಈ ಕೆಲಸದಲ್ಲಿ ನನ್ನನ್ನು ಬೆರಗುಗೊಳಿಸುವುದು ಕುಗ್ಗುವ ವಸ್ತುಗಳಿಗಿಂತ ಕುಗ್ಗಲು ಒಪ್ಪದ ವಸ್ತುಗಳು. ಬಣ್ಣ ಅಂಥದ್ದು. ಏರ್‌ಬ್ರಷ್‌ನಲ್ಲಿ ಎಷ್ಟೇ ತೆಳುವಾಗಿ ಸಿಂಪಡಿಸಿದರೂ ಪ್ರೈಮರ್, ಬಣ್ಣ, ವಾರ್ನಿಷ್ ಎಲ್ಲ ಸೇರಿ 0.06 ಮಿಲಿಮೀಟರ್ ಆದವೆಂದುಕೊಳ್ಳಿ. 35ರಿಂದ ಗುಣಿಸಿದರೆ ಚೀತಾದ ಮೈಮೇಲೆ 2 ಮಿಲಿಮೀಟರ್ ದಪ್ಪದ ಬಣ್ಣ ಬಳಿದಂತಾಯಿತು. ಹಸಿ ಬಣ್ಣಕ್ಕೆ ತಲೆಗೂದಲೊಂದು ಬಿದ್ದರೆ ಅದು ಎರಡೂವರೆ ಮಿಲಿಮೀಟರ್ ದಪ್ಪದ ಹಗ್ಗ. ಬೆರಳಚ್ಚು ಮೂಡಿದರೆ ಒಂದೂವರೆ ಸೆಂಟಿಮೀಟರಿಗೂ ಹೆಚ್ಚು ಅಂತರದ ಉಳುಮೆಯ ಸಾಲುಗಳು. ಅದಕ್ಕೇ ಒಳ್ಳೆಯ ಮಾಡೆಲ್‌ಗಾರರು ಬಣ್ಣವನ್ನು ಆದಷ್ಟು ತೆಳುವಾಗಿ ಬಳಿಯುತ್ತಾರೆ.

ಹಿಮದ ಲೆಕ್ಕ ಇನ್ನೂ ಕಷ್ಟ. ಟೇಬಲ್ ಉಪ್ಪು ನೋಡಲು ಹಿಮದಂತಿದೆ, ಆದರೆ ಅದರ ಒಂದೊಂದು ಹರಳೂ ಇಲ್ಲಿ ಒಂದು ಸೆಂಟಿಮೀಟರಿಗಿಂತ ದೊಡ್ಡ ಆಲಿಕಲ್ಲು. ಅಡುಗೆ ಸೋಡಾದ ಪುಡಿ ಗಾತ್ರದಲ್ಲಿ ಸರಿಯಾದರೂ ಅಂಟಿನ ಜೊತೆ ಸೇರಿ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ. ಕೊನೆಗೆ ಒದಗುವುದು ಟೊಳ್ಳು ಗಾಜಿನ ಸೂಕ್ಷ್ಮ ಗೋಲಿಗಳು, ರಾಳಕ್ಕೆ ಬೆರೆಸಲು ಕಾರ್ಖಾನೆಗಳಲ್ಲಿ ಬಳಸುವ ಪುಡಿ. 0.05 ಮಿಲಿಮೀಟರಿನ ಒಂದು ಗೋಲಿ 35 ಪಟ್ಟಾದರೆ 2 ಮಿಲಿಮೀಟರ್ ಕೂಡ ಇಲ್ಲ. ಹೊಸ ಹಿಮ ಹಾಗೇ ಇರುತ್ತದೆ. (ಆ ಪುಡಿ ಉಸಿರಿಗೆ ಹೋಗಬಾರದು, ಮುಖಗವಸು ಇಲ್ಲದೆ ಡಬ್ಬಿ ತೆರೆಯಬೇಡಿ.)

ಗೊಂಬೆಗಳಿಗೆ ಬರೋಣ. ಮನುಷ್ಯನ ಕಣ್ಣಿನ ಬಣ್ಣದ ವೃತ್ತ ಸುಮಾರು 12 ಮಿಲಿಮೀಟರ್; ಇಲ್ಲಿ ಅದು 0.34 ಮಿಲಿಮೀಟರಿನ ಚುಕ್ಕಿ. ಅದು 0.1 ಮಿಲಿಮೀಟರ್ ಸರಿದರೂ ಮೆಳ್ಳೆಗಣ್ಣು. ಸಿಯಾಚಿನ್‌ನ ಸೈನಿಕನಿಗೆ ಈ ಚುಕ್ಕಿಯೇ ಬೇಕಿಲ್ಲ, ಹಿಮದ ಬೆಳಕು ಕಣ್ಣು ಸುಡದಂತೆ ಅವನು ಗಾಗಲ್ಸ್ ತೊಟ್ಟಿರುತ್ತಾನೆ. ಮುಖ ಮುಚ್ಚಿದೆ, ಕೈಗೆ ದಪ್ಪ ಗವಸು. ಹಾಗಾಗಿ ಅವನ ಕಥೆಯನ್ನೆಲ್ಲ ಬೆನ್ನು ಮತ್ತು ಭುಜ ಹೇಳಬೇಕು. ರೋಟರಿನ ಗಾಳಿಗೆ ಬೆನ್ನು ಕೊಟ್ಟು ಬಾಗಿದವನು ಎಷ್ಟು ಬಾಗಿದ್ದಾನೆ ಎಂಬುದರಲ್ಲಿ ಆ ಗಾಳಿಯ ಬಲ ಕಾಣಬೇಕು. ನನ್ನ ಮಟ್ಟಿಗೆ ಹೆಲಿಕಾಪ್ಟರ್ ಇರುವ ಯಾವ ಡಯೊರಾಮಾದಲ್ಲೂ ಅತಿ ಮುಖ್ಯವಾದದ್ದು ಈ ಬಾಗು. ಯಾಕೆಂದರೆ ಮೇಲಿನ ಠಾಣೆಗಳಲ್ಲಿ ಚೀತಾ ಎಂಜಿನ್ ಆರಿಸುವುದಿಲ್ಲ. ನಿಮಿಷಕ್ಕೆ 350ರ ಆಸುಪಾಸು ಸುತ್ತುವ ರೋಟರಿನ ತುದಿ ಸೆಕೆಂಡಿಗೆ 200 ಮೀಟರ್ ಓಡುತ್ತಿರುತ್ತದೆ, ಅಂದರೆ ಗಂಟೆಗೆ 700 ಕಿಲೋಮೀಟರಿಗೂ ಹೆಚ್ಚು. ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ತೆಗೆದ ಫೋಟೋದಲ್ಲೂ ಅದು 20 ಸೆಂಟಿಮೀಟರ್ ಜರುಗಿರುತ್ತದೆ. ಚಲನೆಯನ್ನು ಕುಗ್ಗಿಸಿ ಅಂಟಿಸಲು ಬರುವುದಿಲ್ಲ, ಬಾಗಿದ ಬೆನ್ನುಗಳಲ್ಲಿ ಮಾತ್ರ ತೋರಿಸಬಹುದು.

ಇನ್ನು ನೆಲ. ಇಲ್ಲಿ ಡಯೊರಾಮಾ ಸೋಲುತ್ತದೆ. 40 ಸೆಂಟಿಮೀಟರ್ ಚೌಕದ ಹಲಗೆ ಎಂದರೆ 14 ಮೀಟರ್ ಚೌಕದ ಜಾಗ. ಒಂದು ಹೆಲಿಪ್ಯಾಡ್, ಒಂದಿಷ್ಟು ಡಬ್ಬಗಳು, ಮುಗಿಯಿತು. ಸಿಯಾಚಿನ್ ಹಿಮನದಿಯ ಉದ್ದ ಸುಮಾರು 76 ಕಿಲೋಮೀಟರ್. ಅದನ್ನು ಪೂರ್ತಿ ತೋರಿಸಲು ಇಂಥ 5,400ಕ್ಕೂ ಹೆಚ್ಚು ಹಲಗೆಗಳನ್ನು ಸಾಲಾಗಿ ಜೋಡಿಸಬೇಕು, ಸಾಲು 2 ಕಿಲೋಮೀಟರ್ ದಾಟುತ್ತದೆ. ಹಿಮನದಿಯ ಮೂತಿಯ ಹತ್ತಿರದ ಬೇಸ್ ಕ್ಯಾಂಪ್ ಸುಮಾರು 3,600 ಮೀಟರ್ ಎತ್ತರದಲ್ಲಿದೆ, ಸೋನಮ್ ಠಾಣೆ 19,600 ಅಡಿಯಲ್ಲಿ, ಅಂದರೆ ಸುಮಾರು 5,970 ಮೀಟರಿನಲ್ಲಿ. ಎರಡರ ನಡುವಿನ ಏರು 35 ಪಟ್ಟು ಕುಗ್ಗಿದರೂ 68 ಮೀಟರ್. 5 ಸೆಂಟಿಮೀಟರಿನ ಗೊಂಬೆ ಇಪ್ಪತ್ತು ಮಹಡಿಯ ಕಟ್ಟಡ ಹತ್ತಬೇಕು, ಬೆನ್ನಮೇಲೆ ಹೊರೆ ಹೊತ್ತು. ಉಲ್ಟಾ ಕಡೆಯಿಂದಲೂ ನೋಡಬಹುದು: ಹಿಮನದಿಯನ್ನು ಒಂದು ಮೀಟರ್ ಉದ್ದದ ಕಪಾಟಿನಲ್ಲಿ ಇಡಬೇಕೆಂದರೆ 76,000 ಪಟ್ಟು ಕುಗ್ಗಿಸಬೇಕು, ಆಗ ಸೈನಿಕನ ಎತ್ತರ 0.023 ಮಿಲಿಮೀಟರ್, ಕೂದಲಿನ ದಪ್ಪದ ಮೂರನೇ ಒಂದು ಪಾಲು. ಮನುಷ್ಯ ಮತ್ತು ಹಿಮನದಿ ಎರಡನ್ನೂ ಒಟ್ಟಿಗೆ ಬರಿಗಣ್ಣಿಗೆ ತೋರಿಸುವ ಪ್ರಮಾಣವೇ ಇಲ್ಲ.

ಗಾಳಿಯೂ ಹಲಗೆಗೆ ಬರುವುದಿಲ್ಲ. 6,000 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ, ಸಾಂದ್ರತೆ ಅರ್ಧಕ್ಕಿಂತ ತುಸು ಹೆಚ್ಚು. ಉಸಿರಿಗೂ ಅದೇ ಗಾಳಿ, ರೋಟರಿಗೂ ಅದೇ ಗಾಳಿ. ಆದ್ದರಿಂದ ಅತಿ ಎತ್ತರದ ಠಾಣೆಗಳಿಗೆ ಚೀತಾ ಒಂದು ಸಲಕ್ಕೆ 20-25 ಕಿಲೋ ಮಾತ್ರ ಹೊರಬಲ್ಲದು, ಹೆಚ್ಚೆಂದರೆ ಸೀಮೆಎಣ್ಣೆಯ ಒಂದು ಜೆರಿಕ್ಯಾನ್. ಒಂದು ಟನ್ನಿನ ಯಂತ್ರ, ಇಬ್ಬರು ಪೈಲಟ್‌ಗಳು, ಹಿಮದ ಬಿರುಕುಗಳ ಮೇಲಿನ ದಾರಿ, ಇಷ್ಟೆಲ್ಲ ಒಂದು ಕ್ಯಾನಿಗಾಗಿ. ನಮ್ಮ ಪ್ರಮಾಣದಲ್ಲಿ ಆ ಕ್ಯಾನ್ 13 ಮಿಲಿಮೀಟರ್ ಎತ್ತರ, ಅದರೊಳಗಿನ 20 ಲೀಟರ್ ಎಣ್ಣೆ ಅರ್ಧ ಮಿಲಿಲೀಟರಿಗೂ ಕಡಿಮೆ, ಸುಮಾರು ಹತ್ತು ಹನಿ. ಆ ಹತ್ತು ಹನಿಯಿಂದಲೇ ಠಾಣೆಯ ಒಲೆ ಹೊತ್ತಬೇಕು, ಹಿಮ ಕರಗಿ ಕುಡಿಯುವ ನೀರಾಗಬೇಕು. ನನ್ನ ಡಯೊರಾಮಾದ ನಡುಮಧ್ಯೆ ನಿಲ್ಲಬೇಕಾದ್ದು ಈ 13 ಮಿಲಿಮೀಟರಿನ ಕ್ಯಾನ್. ಬಾಗಿದ ಬೆನ್ನುಗಳೆಲ್ಲ ಅದರ ಕಡೆಗೇ ಬಾಗಿರಬೇಕು.

1984ರ ಏಪ್ರಿಲ್ 13ರಂದು ಸಿಯಾಚಿನ್ ಹಿಡಿಯುವ ಸೇನಾ ಕಾರ್ಯಾಚರಣೆ ಆಪರೇಷನ್ ಮೇಘದೂತ್ ಶುರುವಾದದ್ದೂ ಇದೇ ಯಂತ್ರದಿಂದ. ಸುಮಾರು 30 ಜನರ ಕುಮಾವ್ ರೆಜಿಮೆಂಟ್ ತುಕಡಿಯನ್ನು ಬಿಲಾಫೊಂಡ್ ಲಾ ಕಣಿವೆದಾರಿಗೆ ಮುಟ್ಟಿಸಲು ಚೀತಾಗಳು 17 ಸಲ ಹಾರಿದವು. ಒಂದು ಹಾರಾಟಕ್ಕೆ ಇಬ್ಬರೂ ಸರಿಯಾಗಿ ಬೀಳುವುದಿಲ್ಲ.

ಹಿಮದ ದಪ್ಪದ ಲೆಕ್ಕ ಹಾಕುವಾಗ ಕನ್ನಡಿಗರಿಗೆ ಒಂದು ಹೆಸರು ನೆನಪಾಗದೆ ಇರದು. 2016ರ ಫೆಬ್ರವರಿ 3ರಂದು ಸೋನಮ್ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಮಂದಿ ಯೋಧರು ಹೂತುಹೋದರು. ಆರು ದಿನಗಳ ನಂತರ, 25 ಅಡಿ ಹಿಮದ ಕೆಳಗಿಂದ ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಹೊರಬಂದರು. ಹೊರಗೆ ಸೊನ್ನೆಗಿಂತ 45 ಡಿಗ್ರಿ ಕೆಳಗಿನ ಚಳಿ. ಆ ಎತ್ತರದಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬರುತ್ತದೆ, ಅಲ್ಲಿ 150ಕ್ಕೂ ಹೆಚ್ಚು ಜನ ಹಗಲೂ ರಾತ್ರಿ ಗಟ್ಟಿ ಮಂಜನ್ನು ಕೊರೆದಿದ್ದರು; ಸೇನೆಯ ನಾಯಿಗಳು ಮೂಸಿ ಜಾಗ ತೋರಿಸಿದ್ದವು. ಹೆಲಿಕಾಪ್ಟರ್ ಅವರನ್ನು ಕೆಳಗೆ ತಂದಿತು, ವಿಮಾನ ದೆಹಲಿಗೆ ಒಯ್ದಿತು. ಫೆಬ್ರವರಿ 11ರಂದು ಅಲ್ಲಿನ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

25 ಅಡಿ ಎಂದರೆ 7.6 ಮೀಟರ್, ಪ್ರಮಾಣಕ್ಕೆ ಇಳಿಸಿದರೆ 22 ಸೆಂಟಿಮೀಟರ್. ಸೈನಿಕ 5 ಸೆಂಟಿಮೀಟರ್ ಇದ್ದಾನೆ. ಅವನ ನಾಲ್ಕು ಪಟ್ಟಿಗೂ ಹೆಚ್ಚು ಹಿಮ ಮೇಲಿದೆ. ಸಾಮಾನ್ಯವಾಗಿ ನಾವು ಹಿಮದ ಡಯೊರಾಮಾಕ್ಕೆ ಎರಡು ಬೆರಳು ದಪ್ಪದ ತಳ ಮಾಡಿ ಮೇಲೆ ಬಿಳಿ ಪುಡಿ ಉದುರಿಸುತ್ತೇವೆ, ನೋಡುವವರಿಗೆ ಹಿಮ ಎಂದರೆ ನೆಲಕ್ಕೆ ಹಾಸಿದ ಬಟ್ಟೆಯಂತೆ ಕಾಣುತ್ತದೆ. ಸಿಯಾಚಿನ್‌ಗೆ ಅದು ಸಲ್ಲದು. ಅಲ್ಲಿ ಒಂದು ಚಳಿಗಾಲಕ್ಕೆ ಬೀಳುವ ಹಿಮವೇ ಸುಮಾರು 10 ಮೀಟರ್. ಆದ್ದರಿಂದ ಹಲಗೆಯ ಒಂದು ಬದಿಯನ್ನು ಮುಚ್ಚದೆ, ನೆಟ್ಟಗೆ ಕತ್ತರಿಸಿದ ಹಾಗೆ ಬಿಡಬೇಕು; ಕೆಳಗಿನ ಪದರಗಳಿಗೆ ಮಂಜುಗಡ್ಡೆಯ ನೀಲಿ, ಮೇಲಿನವಕ್ಕೆ ಬಿಳಿ. 9 ಸೆಂಟಿಮೀಟರ್ ಎತ್ತರದ ಹೆಲಿಕಾಪ್ಟರ್ ತನ್ನ ಎರಡು ಪಟ್ಟಿಗೂ ಹೆಚ್ಚು ದಪ್ಪದ ಹಿಮದ ಮೇಲೆ ಕೂರುತ್ತದೆ. ಥರ್ಮೊಕೋಲ್ ಹಾಳೆ 5 ಸೆಂಟಿಮೀಟರ್ ದಪ್ಪದ್ದು ಸಿಗುತ್ತದೆ, ಸರಿಯಾಗಿ ಒಬ್ಬ ಸೈನಿಕನ ಎತ್ತರ. ನಾಲ್ಕು ಒಂದರ ಮೇಲೊಂದು ಇಟ್ಟರೂ ಸಾಲದು, ಐದನೆಯದನ್ನೂ ತರಬೇಕು.