ಮಲಗುವ ಕೋಣೆಯ ಧೂಳು: ಹವಾ ಶುದ್ಧಿಯ ಯಂತ್ರ ಕೊಳ್ಳುವ ಮೊದಲು



ಈಗೀಗ ನಮ್ಮ ಹಳ್ಳಿಗಳಲ್ಲಿಯೂ ಏರ್ ಪ್ಯೂರಿಫೈಯರ್ ಎಂಬ ಯಂತ್ರದ ಮಾತು ಕೇಳಿ ಬರುತ್ತಿದೆ. ಪುಣೆಯಲ್ಲಿ ನೌಕರಿ ಮಾಡುವ ಮಗ ತಂದೆ-ತಾಯಿಗಾಗಿ ಒಂದನ್ನು ತಂದಿಡುತ್ತಾನೆ. ಮೊಮ್ಮಗನಿಗೆ ದಮ್ಮು ಎಂದು ಅಜ್ಜ ಸೋಲಾಪುರದ ಅಂಗಡಿಗೆ ಹೋಗಿ ಬೆಲೆ ಕೇಳಿ ಬರುತ್ತಾನೆ. ಎಲ್ಲರೂ ಮೊದಲು ಕೇಳುವುದು ಒಂದೇ ಮಾತು: "ಯಾವ ಕಂಪನಿಯದು ಚಲೋ?" ಕಂಪನಿಯ ಹೆಸರು ಕಡೆಗೆ ಬರಲಿ. ಅದಕ್ಕೂ ಮುಂಚೆ ಮೂರು ಸಂಗತಿ ತಿಳಿದಿರಬೇಕು. ನಮ್ಮ ಕೋಣೆಯ ಧೂಳು ಎಂಥದು, ಕೋಣೆ ಎಷ್ಟು ದೊಡ್ಡದು, ಯಂತ್ರಕ್ಕೆ ವರ್ಷಾ ವರ್ಷಾ ಬೀಳುವ ಖರ್ಚು ಎಷ್ಟು. ಇಂದು ಈ ಮೂರರ ಲೆಕ್ಕ ನೋಡೋಣ.

ಮೊದಲು ಧೂಳಿನ ಮಾತು. ಮಂದ್ರೂಪ ಸೋಲಾಪುರ-ವಿಜಯಪುರ ಹೆದ್ದಾರಿಯ ಮೇಲಿನ ಊರು. ಹಗಲು ರಾತ್ರಿ ಲಾರಿಗಳ ಓಡಾಟ ತಪ್ಪಿದ್ದಲ್ಲ. ಸುತ್ತಲೂ ಎರಿಭೂಮಿ. ಮಳೆಗಾಲದಲ್ಲಿ ಕಾಲಿಗೆ ಅಂಟುವ ಅದೇ ಮಣ್ಣು ಬೇಸಿಗೆಯಲ್ಲಿ ಹಿಟ್ಟಾಗಿ ಗಾಳಿಗೆ ಏಳುತ್ತದೆ. ದೀಪಾವಳಿಯ ಆಸುಪಾಸು ಕಬ್ಬಿನ ಸುಗ್ಗಿ ಸುರುವಾದರೆ ಟ್ರ್ಯಾಕ್ಟರುಗಳ ಸಾಲು; ಸಕ್ಕರಿ ಕಾರಖಾನೆಯ ಚಿಮಣಿಯ ಕರಿ ಬೂದಿ ಅಂಗಳದ ಒಣ ಅರಿವೆಯ ಮೇಲೆ ಕಾಣಿಸುತ್ತದೆ. ಜೋಳ, ತೊಗರಿಯ ರಾಶಿಯ ದಿನಗಳಲ್ಲಿ ಸುಂಕು, ಹೊಟ್ಟು. ನಮ್ಮ ದಕ್ಷಿಣ ಸೋಲಾಪುರ ತಾಲೂಕಿನಲ್ಲಿಯೇ ಫತಾಟೇವಾಡಿಯ ಹತ್ತಿರ ಕಲ್ಲಿದ್ದಲಿನಿಂದ ನಡೆಯುವ 1320 ಮೆಗಾವಾಟಿನ ವಿದ್ಯುತ್ ಕೇಂದ್ರವೂ ಇದೆ. ಇನ್ನು ಸೋಲಾಪುರ ಶಹರದ ಮಾತು ಹೇಳುವುದಾದರೆ, ಹವೆ ಸುಧಾರಿಸಲಿಕ್ಕೆಂದು ಕೇಂದ್ರ ಸರಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದ ಪಟ್ಟಿಯಲ್ಲಿ ಅದರ ಹೆಸರೂ ಸೇರಿದೆ.

ಕಣ್ಣಿಗೆ ಧೂಳೆಲ್ಲ ಒಂದೇ. ಶರೀರಕ್ಕೆ ಹಾಗಲ್ಲ. ಧೂಳನ್ನು ಅಳೆಯುವ ಅಳತೆಗೆ ಮೈಕ್ರಾನ್ ಎನ್ನುತ್ತಾರೆ. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ರಸ್ತೆಯ ಮಣ್ಣು, ಹೊಟ್ಟಿನ ಚೂರು ಹೆಚ್ಚಾಗಿ 10 ಮೈಕ್ರಾನಿಗಿಂತ ದಪ್ಪ. ಇವು ಮೂಗು, ಗಂಟಲಿನಲ್ಲಿ ಸಿಕ್ಕಿ ಸೀನು, ಕೆಮ್ಮು ತರುತ್ತವೆ. ಆದರೆ ಹೊಗೆಯ ಕಣಗಳು ಬಹುತೇಕ 2.5 ಮೈಕ್ರಾನಿಗಿಂತ ಸಣ್ಣವು. ಅವು ಪುಪ್ಪಸದ ತಳದವರೆಗೂ ಇಳಿಯುತ್ತವೆ, ಹೃದಯಕ್ಕೂ ತೊಂದರೆ ಕೊಡುತ್ತವೆ. ಈ ಸಣ್ಣ ಕಣಗಳಿಗೆ ನಮ್ಮ ಸರಕಾರ ಹಾಕಿದ ಮಿತಿ ದಿನದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಕೇವಲ 15.

ಇಲ್ಲಿ ಒಂದು ಮುಖ್ಯ ಮಾತು ಇದೆ. ದಪ್ಪ ಧೂಳು ಗಾಳಿಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. 10 ಮೈಕ್ರಾನಿನ ಮಣ್ಣಿನ ಕಣ ಕೆಲವೇ ನಿಮಿಷಗಳಲ್ಲಿ ನೆಲಕ್ಕೆ, ಗಾದಿಗೆ, ಮಾಡದೊಳಗಿನ ದೇವರ ಫೋಟೋಕ್ಕೆ ಬಂದು ಕೂಡುತ್ತದೆ. ಹೊಗೆಯ ಸಣ್ಣ ಕಣ ಗಂಟೆಗಟ್ಟಲೆ ತೇಲಾಡುತ್ತದೆ. ಯಂತ್ರವಾದರೋ ತನ್ನ ಬಾಯಿಗೆ ಬಂದ ಗಾಳಿಯನ್ನು ಮಾತ್ರ ಸೋಸಬಲ್ಲದು. ಗಾದಿಯ ಮೇಲೆ ಕುಳಿತ ಧೂಳನ್ನು ಅದು ಎಬ್ಬಿಸಿ ತೆಗೆಯಲಾರದು. "ಯಂತ್ರ ಇಟ್ಟರೂ ಟೇಬಲ್ಲಿನ ಮೇಲೆ ಧೂಳು ಬೀಳುತ್ತದಲ್ಲ, ಮೋಸ!" ಎನ್ನುವವರು ಇದನ್ನು ಗಮನಿಸಬೇಕು. ಬಿದ್ದ ಧೂಳಿಗೆ ಒದ್ದೆ ಅರಿವೆ, ತೇಲುವ ಧೂಳಿಗೆ ಯಂತ್ರ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಆದ್ದರಿಂದ ಮೊದಲು ಪುಕಟ ಆಗುವ ಕೆಲಸ ಮಾಡೋಣ. ಕಸಬರಿಗೆಯಿಂದ ಒಣ ಕಸ ಉಡುಗಿದರೆ ಕುಳಿತ ಧೂಳು ಮತ್ತೆ ಏಳುತ್ತದೆ. ದಮ್ಮಿನ ರೋಗಿ ಇದ್ದ ಮನೆಯಲ್ಲಿ ಅವರನ್ನು ಹೊರಗೆ ಕೂಡಿಸಿ ಕಸ ಉಡುಗಬೇಕು, ಆಮೇಲೆ ಒದ್ದೆ ಅರಿವೆಯಿಂದ ಒರೆಸಬೇಕು. ಪತ್ರಾಸಿನ ಮನೆಯಾದರೆ ಗೋಡೆಗೂ ಪತ್ರಾಸಿಗೂ ನಡುವಿನ ಸಂದು ಮುಚ್ಚಬೇಕು. ಮಣ್ಣಿನ ಮಾಳಿಗೆಯಿಂದ ಮಣ್ಣು ಉದುರುತ್ತಿದ್ದರೆ ಹಾಸಿಗೆಯ ಮೇಲ್ಭಾಗಕ್ಕೆ ಒಂದು ದಪ್ಪ ಬಟ್ಟೆ ಬಿಗಿಯಾಗಿ ಕಟ್ಟಬೇಕು. ರಸ್ತೆಯ ಕಡೆಯ ಬಾಗಿಲಿನ ಕೆಳಗಿನ ಸಂದಿಗೆ ಹಳೆಯ ಅರಿವೆಯ ಸುರುಳಿ ಸಾಕು. ಜೋಳದ ಚೀಲ, ಉಳ್ಳಾಗಡ್ಡಿ, ದನಗಳ ಹಿಂಡಿ ಇವನ್ನು ಮಲಗುವ ಕೋಣೆಯಿಂದ ತೆಗೆಯಬೇಕು.

ಹಾಸಿಗೆಯ ಮಾತು ಬೇರೆ ಹೇಳಬೇಕು. ಗಾದಿ, ಕೌದಿ, ತಲೆದಿಂಬುಗಳಲ್ಲಿ ಕಣ್ಣಿಗೆ ಕಾಣದ ನುಸಿಗಳು ಬೆಳೆಯುತ್ತವೆ. ನಮ್ಮ ಚರ್ಮದಿಂದ ಉದುರುವ ಹೊಟ್ಟೇ ಅವುಗಳ ಆಹಾರ. ಬಹಳ ಜನರಿಗೆ ಬೆಳಗಿನ ಸೀನು, ದಮ್ಮು ಬರುವುದು ಇವುಗಳ ಹಿಕ್ಕೆಯಿಂದ. ಇವು ಗಾದಿಯಲ್ಲೇ ಇರುವುದರಿಂದ ಯಂತ್ರಕ್ಕೆ ಹೆಚ್ಚಾಗಿ ಸಿಗುವುದಿಲ್ಲ. ಹಾಸಿಗೆಯ ಅರಿವೆಗಳನ್ನು ವಾರಕ್ಕೊಮ್ಮೆ ಕೈ ಸುಡುವಷ್ಟು ಬಿಸಿ ನೀರಿನಲ್ಲಿ, ಅಂದರೆ 60 ಡಿಗ್ರಿಯ ಹತ್ತಿರದ ನೀರಿನಲ್ಲಿ, ನೆನೆಹಾಕಿ ಒಗೆಯಬೇಕು. ಗಾದಿಯನ್ನು ಬಿರು ಬಿಸಿಲಿಗೆ ಹಾಕಿ, ಹೊರಗೇ ಬಡಿದು ತರಬೇಕು. ನಮ್ಮ ಸೋಲಾಪುರಿ ಚಾದರ ಇದಕ್ಕೆ ಒಳ್ಳೇ ಉಪಯೋಗ. ಹಗಲೆಲ್ಲ ಹಾಸಿಗೆಯ ಮೇಲೆ ಅದನ್ನು ಹೊದಿಸಿಟ್ಟು, ರಾತ್ರಿ ಮಲಗುವ ಮುಂಚೆ ನಾಲ್ಕೂ ಮೂಲೆ ಮಡಚಿ ಮೆಲ್ಲಗೆ ಹೊರಗೆ ಒಯ್ದು ಝಾಡಿಸಿದರೆ ದಿನದ ಧೂಳು ಅದರ ಸಂಗಡ ಹೋಗುತ್ತದೆ.

ಕೋಣೆಯೊಳಗೆ ನಾವೇ ಮಾಡುವ ಹೊಗೆಯೂ ಉಂಟು. ಸೊಳ್ಳೆ ಬತ್ತಿ, ಊದಿನಕಡ್ಡಿ, ಬೀಡಿ, ಪಕ್ಕದ ಅಡಿಗೆಮನೆಯ ಒಲೆ. ಒಂದು ಕಡೆ ಸೊಳ್ಳೆ ಬತ್ತಿ ಹಚ್ಚಿ, ಇನ್ನೊಂದು ಕಡೆ ಯಂತ್ರ ಹಚ್ಚುವುದು ತೂತಿನ ಕೊಡಕ್ಕೆ ನೀರು ತುಂಬಿದಂತೆ. ಸೊಳ್ಳೆಗೆ ಪರದೆಯೇ ಉತ್ತಮ.

ಇಷ್ಟೆಲ್ಲ ಮಾಡಿದ ಮೇಲೂ ರಾತ್ರಿ ಕೆಮ್ಮು, ದಮ್ಮು ಕಡಿಮೆಯಾಗದಿದ್ದರೆ, ಮನೆ ಹೆದ್ದಾರಿಗೋ ಕಾರಖಾನೆಗೋ ಹತ್ತಿರವಿದ್ದರೆ, ಯಂತ್ರದ ವಿಚಾರ ಮಾಡಬಹುದು. ಈ ಯಂತ್ರದಲ್ಲಿ ದೊಡ್ಡ ಗುಟ್ಟೇನೂ ಇಲ್ಲ. ಒಂದು ಫ್ಯಾನು, ಅದರ ಮುಂದೆ ಒಂದು ಸೋಸುವ ಫಿಲ್ಟರು. ಒಳ್ಳೆಯ ಫಿಲ್ಟರಿಗೆ ಹೆಪಾ ಎಂಬ ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಅಣುಬಾಂಬಿನ ಕೆಲಸದಲ್ಲಿ ವಿಕಿರಣದ ಕಣ ಹಿಡಿಯಲು ಇಂಥ ಫಿಲ್ಟರನ್ನು ಬೆಳೆಸಿದರು. ಹೆಪಾ ಅನ್ನಿಸಿಕೊಳ್ಳಬೇಕಾದರೆ 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.97 ಹಿಡಿಯಬೇಕು ಎಂಬುದು ಅಮೆರಿಕದ ನಿಯಮ. ಯುರೋಪಿನ ಅಳತೆಯಲ್ಲಿ ಎಚ್-13 ಎಂದು ಬರೆದಿದ್ದರೆ ಅದೂ ಚಲೋದೇ. ಆದರೆ ಡಬ್ಬಿಯ ಮೇಲೆ "ಹೆಪಾ ಟೈಪ್", "ಹೆಪಾ ಲೈಕ್" ಎಂದು ಇದ್ದರೆ ಅದು ಹೆಪಾದಂತೆ ಕಾಣುವ ವಸ್ತು ಎಂದಷ್ಟೇ ಅರ್ಥ.

ಎರಡನೆಯದು ಯಂತ್ರದ ಶಕ್ತಿ. ಇದಕ್ಕೆ ಸಿಎಡಿಆರ್ ಎಂಬ ಸಂಖ್ಯೆ ನೋಡಬೇಕು. ಒಂದು ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಹೊರಗೆ ಬರುತ್ತದೆ ಎಂಬುದೇ ಆ ಸಂಖ್ಯೆ. ಕೋಣೆಯ ಗಾಳಿಯೆಲ್ಲ ಗಂಟೆಗೆ ಐದು ಸಲ ಸೋಸಿ ಬಂದರೆ ಉತ್ತಮ. ಇದಕ್ಕೊಂದು ಸುಲಭ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ಕೋಣೆಯ ಉದ್ದ, ಅಗಲ, ಎತ್ತರ ಮೂರನ್ನೂ ಫೂಟಿನಲ್ಲಿ ಅಳೆದು ಗುಣಿಸಿರಿ. ಬಂದ ಸಂಖ್ಯೆಯನ್ನು 7ರಿಂದ ಭಾಗಿಸಿರಿ. 12 ಫೂಟು ಉದ್ದ, 10 ಫೂಟು ಅಗಲ, 10 ಫೂಟು ಎತ್ತರದ ಕೋಣೆಯಾದರೆ 1200. ಏಳರಿಂದ ಭಾಗಿಸಿದರೆ 171. ಅಂದರೆ ಸುಮಾರು 170 ಸಿಎಡಿಆರ್ ಬೇಕು. ಕೆಲವು ಡಬ್ಬಿಗಳ ಮೇಲೆ ಈ ಸಂಖ್ಯೆ ನಿಮಿಷಕ್ಕೆ ಘನ ಫೂಟು ಎಂಬ ಲೆಕ್ಕದಲ್ಲಿ ಇರುತ್ತದೆ. ಆಗ ಅದನ್ನು 1.7ರಿಂದ ಗುಣಿಸಿಕೊಳ್ಳಬೇಕು.

ಇನ್ನೊಂದು ಸೂಕ್ಷ್ಮ. ಡಬ್ಬಿಯ ಮೇಲಿನ ಸಂಖ್ಯೆ ಫ್ಯಾನು ಪೂರಾ ಜೋರಿನಲ್ಲಿ ತಿರುಗುವಾಗಿನದು. ಆ ಸಪ್ಪಳದಲ್ಲಿ ನಿದ್ದೆ ಹತ್ತುವುದಿಲ್ಲ. ರಾತ್ರಿ ನಾವು ಮೆಲ್ಲಗೆ ಇಡುತ್ತೇವೆ, ಶಕ್ತಿ ಇಳಿಯುತ್ತದೆ. ಆದ್ದರಿಂದ ಲೆಕ್ಕಕ್ಕೆ 170 ಬಂದರೆ 250ರದನ್ನು ಕೊಳ್ಳುವುದು ಜಾಣತನ. "ಇಷ್ಟು ಚದರ ಫೂಟಿಗೆ ಸಾಕು" ಎಂಬ ಜಾಹೀರಾತನ್ನು ನಂಬಿ ಕೂಡಬಾರದು. ಅದರಲ್ಲಿ ಚಾವಣಿಯ ಎತ್ತರದ ಲೆಕ್ಕ ಇರುವುದಿಲ್ಲ. ನಮ್ಮ ಹಳೆಯ ಮನೆಗಳ ಎತ್ತರವೋ ಶಹರದ ಫ್ಲ್ಯಾಟಿಗಿಂತ ಹೆಚ್ಚು.

ಮೂರನೆಯದು ಖರ್ಚು. ಯಂತ್ರದ ಬೆಲೆ ಒಮ್ಮೆ ಕೊಡುವ ಅಸಲು. ಫಿಲ್ಟರು, ಲೈಟ್ ಬಿಲ್ಲು ಇವು ಬಡ್ಡಿ ಇದ್ದ ಹಾಗೆ, ನಿಲ್ಲುವುದಿಲ್ಲ. ಒಂದು ಉದಾಹರಣೆ ಹಿಡಿಯೋಣ. ಯಂತ್ರಕ್ಕೆ 9,000 ರೂಪಾಯಿ. ಮೊದಲ ಫಿಲ್ಟರು ಅದರ ಸಂಗಡವೇ ಬರುತ್ತದೆ. ಮುಂದೆ ವರ್ಷಕ್ಕೊಂದು ಫಿಲ್ಟರು, ಬೆಲೆ 2,000 ಎಂದು ಇಟ್ಟುಕೊಳ್ಳಿ. ಐದು ವರ್ಷದಲ್ಲಿ ನಾಲ್ಕು ಫಿಲ್ಟರಿಗೆ 8,000. ಯಂತ್ರ 40 ವ್ಯಾಟಿನದು, ದಿನಾಲು 10 ಗಂಟೆ ನಡೆದರೆ ವರ್ಷಕ್ಕೆ 146 ಯೂನಿಟ್. ಯೂನಿಟ್ಟಿಗೆ 8 ರೂಪಾಯಿಯಂತೆ ಹಿಡಿದರೆ ವರ್ಷಕ್ಕೆ 1,168, ಐದು ವರ್ಷಕ್ಕೆ 5,840. ಎಲ್ಲ ಕೂಡಿಸಿದರೆ 22,840 ರೂಪಾಯಿ. ಒಂಬತ್ತು ಸಾವಿರದ ವಸ್ತು ಇಪ್ಪತ್ತೆರಡು ಸಾವಿರ ದಾಟಿತು! ಧೂಳಿನ ಊರಿನಲ್ಲಿ ಫಿಲ್ಟರು ವರ್ಷಕ್ಕಿಂತ ಮುಂಚೆಯೂ ತುಂಬಬಹುದು. ಫಿಲ್ಟರಿನ ದುಡ್ಡು ಪ್ರತಿ ವರ್ಷ ತೆಗೆದಿಡಲು ಆಗದಿದ್ದರೆ ಯಂತ್ರ ಕೊಳ್ಳದಿರುವುದೇ ಮೇಲು. ತುಂಬಿದ ಫಿಲ್ಟರಿನ ಯಂತ್ರ ಬರೀ ಸಪ್ಪಳದ ಡಬ್ಬಿ.

ಅಂಗಡಿಯಲ್ಲಿ ಮಾತು ಮರಾಠಿಯಲ್ಲಿ ನಡೆಯುವುದು ವಾಡಿಕೆ. ಆಗ ಈ ಎರಡು ಪ್ರಶ್ನೆ ಬಿಡದೆ ಕೇಳಿರಿ: "ಹ್ಯಾಚಾ ಸಿಎಡಿಆರ್ ಕಿತೀ?" ಮತ್ತು "ನವೀನ ಫಿಲ್ಟರ್ ಕೇವಢ್ಯಾಲಾ, ಆಣಿ ಇಥೇ ಮಿಳತೋ ಕಾ?" ಫಿಲ್ಟರು ಸೋಲಾಪುರದಲ್ಲಿಯೇ ಸಿಗುತ್ತದೆಯೋ ತರಿಸಬೇಕೋ ಎಂಬುದು ಯಂತ್ರದ ಬಣ್ಣಕ್ಕಿಂತ ದೊಡ್ಡ ಮಾತು. ರಸೀದಿ, ವಾರಂಟಿ ಕಾರ್ಡು ಕೇಳಿ ಪಡೆಯಿರಿ.

ಓಝೋನ್ ಬಿಡುತ್ತದೆ ಎಂದು ಹೇಳಿ ಮಾರುವ ಯಂತ್ರವನ್ನು ಮುಟ್ಟಬಾರದು. ಓಝೋನ್ ವಾಯು ಆಕಾಶದ ಮೇಲೆ ಇದ್ದಾಗ ಸೂರ್ಯನ ಕೆಟ್ಟ ಕಿರಣ ತಡೆಯುತ್ತದೆ, ನಿಜ. ಕೋಣೆಯಲ್ಲಿ ಉಸಿರಾಡಿದರೆ ಅದೇ ವಾಯು ಪುಪ್ಪಸವನ್ನು ಕೆಣಕಿ ದಮ್ಮು ಹೆಚ್ಚಿಸುತ್ತದೆ. ಅಯೊನೈಜರ್ ಎಂಬ ಭಾಗ ಇದ್ದರೆ ಅದನ್ನು ಬಂದ್ ಮಾಡುವ ಗುಂಡಿ ಇದೆಯೋ ನೋಡಿರಿ. ಮತ್ತೊಂದು ಎಚ್ಚರಿಕೆ: ಇದ್ದಿಲ ಶೇಗಡಿಯಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವನ್ನು ಹೆಪಾ ಫಿಲ್ಟರು ಹಿಡಿಯುವುದಿಲ್ಲ. ಯಂತ್ರ ಇದೆ ಎಂಬ ಧೈರ್ಯದಿಂದ ಚಳಿಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಶೇಗಡಿ ಇಟ್ಟು ಮಲಗಿದರೆ ಜೀವಕ್ಕೇ ಅಪಾಯ.

ಯಂತ್ರ ತಂದ ಮೇಲೆ ಗೋಡೆಯಿಂದ ಒಂದು ಫೂಟು ದೂರ, ಮಲಗುವವರ ತಲೆಯ ಕಡೆಗೆ ಇಡಬೇಕು. ಮಲಗುವ ಅರ್ಧ ಗಂಟೆ ಮೊದಲು ಕಿಡಕಿ, ಬಾಗಿಲು ಮುಚ್ಚಿ ಜೋರಾಗಿ ಓಡಿಸಿ, ಆಮೇಲೆ ಮೆಲ್ಲಗೆ ಮಾಡಬೇಕು. ಹೊರಗಿನ ಜಾಳಿಗೆಯ ಧೂಳನ್ನು ಹದಿನೈದು ದಿನಕ್ಕೊಮ್ಮೆ ತೆಗೆಯಬೇಕು. ಹೆಪಾ ಫಿಲ್ಟರನ್ನು ಮಾತ್ರ ನೀರಿನಲ್ಲಿ ತೊಳೆಯಬಾರದು. ತೊಳೆಯಬಹುದೆಂದು ಕಂಪನಿಯೇ ಬರೆದಿದ್ದರೆ ಬೇರೆ ಮಾತು. ಕರೆಂಟು ಹೋಗುವ ಊರಿನಲ್ಲಿ ಇನ್ವರ್ಟರ್ ಇದ್ದರೆ 40 ವ್ಯಾಟಿನ ಯಂತ್ರ ಅದರ ಮೇಲೆ ನಡೆಯುತ್ತದೆ.

ಕಿಡಕಿ ತೆರೆದಿದ್ದರೆ ಯಂತ್ರದಿಂದ ಪ್ರಯೋಜನ ಕಡಿಮೆ. ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆಯಲ್ಲಿ ಮುಚ್ಚಿದ ಕೋಣೆಯಲ್ಲಿ ಮಲಗುವವರು ಯಾರು? ಜನ ಮಾಳಿಗೆಯ ಮೇಲೆ ಮಲಗುತ್ತಾರೆ, ಇಲ್ಲವೆ ಕೂಲರ್ ಹಚ್ಚುತ್ತಾರೆ. ಕೂಲರ್ ಹೊರಗಿನ ಗಾಳಿಯನ್ನೇ ಒಳಗೆ ತರುವುದರಿಂದ ಅದರ ಜೊತೆ ಈ ಯಂತ್ರ ಹೊಂದುವುದಿಲ್ಲ. ಮಳೆಗಾಲದಲ್ಲಿ ಹೊರಗಿನ ಧೂಳೇ ಕಡಿಮೆ. ಹೀಗಾಗಿ ನಮ್ಮ ಕಡೆ ಯಂತ್ರ ನಿಜವಾಗಿ ದುಡಿಯುವುದು ದೀಪಾವಳಿಯಿಂದ ಶಿವರಾತ್ರಿಯ ತನಕ. ನಾಲ್ಕು ತಿಂಗಳ ಉಪಯೋಗಕ್ಕೆ ಇಷ್ಟು ಖರ್ಚು ನಮಗೆ ತಕ್ಕದ್ದೋ ಎಂದು ಪ್ರತಿಯೊಬ್ಬರೂ ತಮ್ಮ ಮನೆಯ ಮಟ್ಟಿಗೆ ತೂಗಿ ನೋಡಬೇಕು. ದಮ್ಮಿನ ಮಗು, ಹೃದಯದ ರೋಗಿ ಇದ್ದ ಮನೆಗೆ ತಕ್ಕದ್ದಾಗಬಹುದು. ಎಲ್ಲರೂ ಆರೋಗ್ಯದಿಂದಿರುವ ಮನೆಗೆ ಅದೇ ದುಡ್ಡಿನಲ್ಲಿ ಪತ್ರಾಸಿನ ಸಂದು ಮುಚ್ಚಿಸುವುದು, ಹೊಗೆಯ ಒಲೆ ಬಿಟ್ಟು ಗ್ಯಾಸಿಗೆ ಬರುವುದು ಹೆಚ್ಚಿನ ಲಾಭ.

ಯಂತ್ರ ಔಷಧಿಯಲ್ಲ ಎಂಬುದನ್ನೂ ಮರೆಯಬಾರದು. ಡಾಕ್ಟರು ಕೊಟ್ಟ ಇನ್ಹೇಲರನ್ನು ಯಂತ್ರ ಬಂತೆಂದು ಬಿಡಬಾರದು. ಎರಡು ವಾರಕ್ಕೂ ಮೀರಿ ಕೆಮ್ಮು ಇದ್ದರೆ ಧೂಳಿನದೇ ಇರಬೇಕೆಂದು ಕೂಡದೆ ಸರಕಾರಿ ದವಾಖಾನೆಯಲ್ಲಿ ಕಫದ ತಪಾಸಣೆ ಮಾಡಿಸಬೇಕು. ಕ್ಷಯದ ತಪಾಸಣೆಗೂ ಔಷಧಿಗೂ ಅಲ್ಲಿ ದುಡ್ಡು ಕೊಡಬೇಕಾಗಿಲ್ಲ.

ಒಂದು ಯಂತ್ರ ಒಂದು ಕೋಣೆಯನ್ನು ಕಾಯುತ್ತದೆ, ಅದೂ ಬಾಗಿಲು ಮುಚ್ಚಿದಾಗ. ಶಾಲೆಗೆ ಹೋಗುವ ಮಗು, ಹೊಲಕ್ಕೆ ಹೋಗುವ ತಾಯಿ ಹಗಲೆಲ್ಲ ಊರಿನ ಗಾಳಿಯನ್ನೇ ಉಸಿರಾಡಬೇಕು. ಮಣ್ಣು, ಬೂದಿ ಒಯ್ಯುವ ಲಾರಿಗೆ ತಾಡಪತ್ರಿ ಹೊದಿಸುವುದು, ಕಚ್ಚಾ ರಸ್ತೆಗೆ ನೀರು ಹೊಡೆಯುವುದು, ಕಸಕ್ಕೆ ಬೆಂಕಿ ಹಚ್ಚದಿರುವುದು ಇವನ್ನು ಗ್ರಾಮಸಭೆಯಲ್ಲಿ ಎತ್ತಲು ಯಾರ ಅಪ್ಪಣೆಯೂ ಬೇಕಿಲ್ಲ. ಮುಂದಿನ ಸಭೆಗೆ ಹೋಗುವಾಗ ಈ ಮೂರು ಮಾತು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಅಂಗಡಿಗೆ ಹೋಗುವುದಿದ್ದರೆ ಕೋಣೆಯ ಅಳತೆಯನ್ನು ಅದೇ ಚೀಟಿಯ ಹಿಂದೆ ಬರೆದುಕೊಳ್ಳಿರಿ.