ಫುಟ್‌ಪಾತ್ ಇರುವುದು ಯಾರಿಗೆ?

ಕಳೆದ ತಿಂಗಳು ದಾದಿಮಾ (ನಮ್ಮ ತಂದೆಯ ತಾಯಿ) ಜೊತೆ ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ನಡೆದು ಹೋಗುತ್ತಿದ್ದೆ. ಅಂಗಡಿಗಳ ಮುಂದೆ ಫುಟ್‌ಪಾತ್ ಮೇಲೆ ಬೈಕುಗಳು ಸಾಲಾಗಿ ನಿಂತಿದ್ದವು. ಕೋಲೂರಿ ನಡೆಯುವ ದಾದಿಮಾ ರಸ್ತೆಗೆ ಇಳಿಯಬೇಕಾಯಿತು. ಹಿಂದಿನಿಂದ ಬಂದ ಆಟೋ ಹಾರ್ನ್ ಹೊಡೆದಾಗ ಬೆದರಿ ಬಿದ್ದೇ ಬಿಡುತ್ತಿದ್ದರು. "ಅಬ್ ಮೈ ಬಜಾರ್ ಕು ನೈ ಆತಿ" ಎಂದರು. ಇನ್ನು ಬಜಾರಿಗೆ ಬರುವುದಿಲ್ಲ ಎಂದು ಅರ್ಥ. ಆಮೇಲೆ ಬಂದೂ ಇಲ್ಲ.

ಇದಕ್ಕೆ ಕಾನೂನು ಇಲ್ಲವೇ ಎಂದು ಹುಡುಕಿದೆ. ಒಂದಲ್ಲ, ಹಲವು ಇವೆ.

ಮೊದಲನೆಯದು, 2017ರ ಮೋಟಾರು ವಾಹನ ಚಾಲನಾ ನಿಯಮಗಳು. ಇವುಗಳ ಪ್ರಕಾರ ಫುಟ್‌ಪಾತ್ ಮೇಲೆ ವಾಹನ ನಿಲ್ಲಿಸುವಂತಿಲ್ಲ. "ಐದೇ ನಿಮಿಷ" ಎಂಬ ವಿನಾಯಿತಿ ಇಲ್ಲ. ಈ ನಿಯಮ ಮುರಿದರೆ ಮೋಟಾರು ವಾಹನ ಕಾಯ್ದೆಯ 177ಎ ಕಲಂ ಪ್ರಕಾರ 500ರಿಂದ 1,000 ರೂಪಾಯಿವರೆಗೆ ದಂಡ.

ಎರಡನೆಯದು, ಅದೇ ಕಾಯ್ದೆಯ 127ನೇ ಕಲಂ. ನಿಷೇಧವಿರುವ ಜಾಗದಲ್ಲಿ ನಿಲ್ಲಿಸಿದ ವಾಹನವನ್ನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಟೋಯಿಂಗ್ ಮಾಡಿಸಬಹುದು. ಅದರ ಖರ್ಚು ವಾಹನದ ಮಾಲೀಕರದೇ.

ಸಿರುಗುಪ್ಪ, ಕುರುಗೋಡಿನಿಂದ ಬರುವ ಗೆಳೆಯರು ಕೇಳಬಹುದು: "ನಮ್ಮ ಎಷ್ಟೋ ರಸ್ತೆಗಳಲ್ಲಿ ಫುಟ್‌ಪಾತೇ ಇಲ್ಲವಲ್ಲ?" ಅಲ್ಲಿಗೆ 122ನೇ ಕಲಂ ಅನ್ವಯಿಸುತ್ತದೆ. ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಅಪಾಯ ಅಥವಾ ಅಡ್ಡಿ ಆಗುವಂತೆ ಬೈಕ್, ಟ್ರ್ಯಾಕ್ಟರ್, ಲಾರಿ ಯಾವುದನ್ನೂ ಬಿಟ್ಟು ಹೋಗುವಂತಿಲ್ಲ. ಇದಲ್ಲದೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂ ಪ್ರಕಾರ ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ 5,000 ರೂಪಾಯಿವರೆಗೆ ದಂಡ ಇದೆ. ಹಳೆಯ ಐಪಿಸಿಯಲ್ಲಿ ಇದು ಬರೀ 200 ರೂಪಾಯಿ ಇತ್ತು.

ಎಲ್ಲಕ್ಕಿಂತ ದೊಡ್ಡ ಮಾತನ್ನು ಸುಪ್ರೀಂ ಕೋರ್ಟ್ 2025ರ ಮೇ 14ರಂದು ಹೇಳಿದೆ. ಅಡೆತಡೆಯಿಲ್ಲದ, ಅಂಗವಿಕಲರೂ ಬಳಸಬಹುದಾದ ಫುಟ್‌ಪಾತ್ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ. ಅಂದರೆ ದಾದಿಮಾ ಕೇಳುವುದು ಉಪಕಾರವಲ್ಲ, ಹಕ್ಕು.

ಅರ್ಥಶಾಸ್ತ್ರದಲ್ಲಿ ನಾವು 'ಬಾಹ್ಯತೆ' ಎಂದು ಓದುತ್ತೇವೆ. ಲಾಭ ಒಬ್ಬರಿಗೆ, ನಷ್ಟ ಸಂಬಂಧವಿಲ್ಲದ ಇನ್ನೊಬ್ಬರಿಗೆ. ಇಲ್ಲಿಯೂ ಹಾಗೆಯೇ. ಬೈಕಿನವರಿಗೆ ಹತ್ತು ಹೆಜ್ಜೆ ಉಳಿಯಿತು, ದಾದಿಮಾಗೆ ಬಜಾರೇ ತಪ್ಪಿತು.

ದೂರು ಯಾರಿಗೆ ಕೊಡಬೇಕು? ವಾಹನ ಅಡ್ಡ ನಿಂತಿದ್ದರೆ ಪೊಲೀಸರಿಗೆ. ಬಳ್ಳಾರಿಯಲ್ಲಿ ಸಂಚಾರ ಠಾಣೆಯೇ ಇದೆ. ಫುಟ್‌ಪಾತ್ ಒಡೆದಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಬಳ್ಳಾರಿಯಲ್ಲಿ ಮಹಾನಗರ ಪಾಲಿಕೆಗೆ, ಸಿರುಗುಪ್ಪದಲ್ಲಿ ನಗರಸಭೆಗೆ, ಕುರುಗೋಡಿನಲ್ಲಿ ಪುರಸಭೆಗೆ. ಫೋಟೋ, ಸ್ಥಳ, ದಿನಾಂಕ, ಸಮಯ ಬರೆದು ಅರ್ಜಿ ಕೊಡಿ. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.

ಇಷ್ಟೆಲ್ಲ ಓದಿ ಮನೆಯಲ್ಲಿ ಹೇಳಿದಾಗ ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಸ್ಕೂಟರೂ ಅಂಗಡಿ ಮುಂದೆ ಅಲ್ಲೇ ನಿಲ್ಲುತ್ತದಲ್ಲ" ಎಂದರು. ಮರುದಿನದಿಂದ ಹಿಂದಿನ ಗಲ್ಲಿಯ ಖಾಲಿ ಜಾಗದಲ್ಲಿ ನಿಲ್ಲಿಸುತ್ತಿದ್ದಾರೆ. ನಮ್ಮ ಕಾಲೇಜಿನ ಗೇಟಿನ ಹೊರಗೂ ಬೆಳಿಗ್ಗೆ ಗಾಡಿಗಳ ಸಾಲು ಇರುತ್ತದೆ. ಅಲ್ಲಿಯೂ ಯಾರದೋ ದಾದಿಮಾ ನಡೆದು ಬರುತ್ತಿರಬಹುದು. ನಾಳೆಯಿಂದ ಗಾಡಿಗಳನ್ನು ಒಳಗೇ ನಿಲ್ಲಿಸೋಣವೇ?