ಆಟಿಯ ತುರಿಕೆ ಬೇರೆ, ಡಿಸೆಂಬರಿನ ತುರಿಕೆ ಬೇರೆ

ಹಾಸ್ಟೆಲಿನ ಯಾವ ರೂಮಿಗೆ ಹೋದರೂ ಕಿಟಕಿ ದಂಡೆಯ ಮೇಲೆ ಅರ್ಧ ಹಿಂಡಿದ ಒಂದು ಮುಲಾಮಿನ ಟ್ಯೂಬು ಸಿಗ್ತದೆ. ಯಾರದ್ದು ಅಂತ ಕೇಳಿದ್ರೆ ಎಲ್ಲರದ್ದೂ. ಮಳೆಗಾಲದಲ್ಲಿ ತೊಡೆಸಂದಿ ತುರಿಸಿದ್ರೆ ಅದೇ, ಡಿಸೆಂಬರಿನಲ್ಲಿ ಮೊಣಕೈ ಬಿರಿದ್ರೆ ಅದೇ, ಸೊಳ್ಳೆ ಕಚ್ಚಿದ್ರೂ ಅದೇ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಾವು ವರ್ಷದಲ್ಲಿ ನಾಲ್ಕು ತಿಂಗಳು ನೆನೆದು, ಎರಡು ತಿಂಗಳು ಒಣಗಿ, ಉಳಿದಷ್ಟು ಹೊತ್ತು ಬೆವರುವವರು. ಹೀಗಿರುವಾಗ ಟ್ಯೂಬು ಮಾತ್ರ ಒಂದೇ ಆದ್ರೆ ಹೇಗೆ ಮಾರಾಯ್ರೆ? ಇಸುಬು, ಅಂದರೆ ಎಕ್ಸಿಮಾ, ಇರುವವರಿಗಂತೂ ಇದು ಸಣ್ಣ ಪ್ರಶ್ನೆ ಅಲ್ಲ.

ಇಸುಬು ಅಂದ್ರೆ ಎಂತದ್ದು ಅಂತ ಮೊದಲು ನೋಡುವ. ನಮ್ಮೂರಿನ ಕೆಂಪುಕಲ್ಲಿನ ಗೋಡೆಯನ್ನು ನೆನಪಿಸಿಕೊಳ್ಳಿ. ಚರ್ಮದ ಹೊರಪದರದ ಜೀವಕೋಶಗಳು ಕಲ್ಲು, ಅವುಗಳ ನಡುವಿನ ಕೊಬ್ಬಿನಂಶ ಗಾರೆ. ಇಸುಬು ಇರುವವರಲ್ಲಿ ಈ ಗಾರೆ ಸಡಿಲ. ಕೆಲವರಿಗೆ ಫಿಲಾಗ್ರಿನ್ ಎಂಬ ಪ್ರೋಟೀನು ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಒಳಗಿನ ನೀರು ಹೊರಗೆ ಆವಿಯಾಗ್ತದೆ. ಹೊರಗಿನ ಸೋಪು, ಧೂಳು, ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತವೆ. ಆಗ ದೇಹದ ರಕ್ಷಣಾ ವ್ಯವಸ್ಥೆ ಕೆರಳಿ ತುರಿಕೆ ಶುರುವಾಗ್ತದೆ. ತುರಿಸಿದಷ್ಟೂ ಗೋಡೆ ಕಿತ್ತುಬರ್ತದೆ, ಕಿತ್ತುಬಂದಷ್ಟೂ ತುರಿಕೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಪಾಸಿಟಿವ್ ಫೀಡ್‌ಬ್ಯಾಕ್ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಮಾತು: ಇಸುಬು ಅಂಟುರೋಗ ಅಲ್ಲ. ಪಕ್ಕದವರು ಮಂಚ ದೂರ ಎಳೆದುಕೊಳ್ಳಬೇಕಾಗಿಲ್ಲ.

ಡಿಸೆಂಬರ್, ಜನವರಿಯಲ್ಲಿ ಘಟ್ಟದ ಕಡೆಯಿಂದ ಒಣಗಾಳಿ ಬೀಸುತ್ತದೆ. ಚಾರ್ಮಾಡಿಯ ಬುಡದ ಊರುಗಳಲ್ಲಿ ಬೆಳಗ್ಗೆ ಚಳಿ, ಮಧ್ಯಾಹ್ನ ಸುಡು ಬಿಸಿಲು. ಸಡಿಲ ಗಾರೆಯ ಗೋಡೆಗೆ ಇದು ಕೆಟ್ಟ ಕಾಲ. ಮೊಣಕೈ ಮಡಿಕೆ, ಮೊಣಕಾಲಿನ ಹಿಂಭಾಗ, ಕುತ್ತಿಗೆ ಒಣಗಿ ಬಿರಿಯುತ್ತವೆ. ಅದರ ಮೇಲೆ ಬಚ್ಚಲಿನ ಹಂಡೆಯಲ್ಲಿ ಕುದಿಯುವ ನೀರು! ಹೊಗೆಯಾಡುವ ನೀರು ಮೈಮೇಲೆ ಸುರಿದುಕೊಳ್ಳುವ ಸುಖ ನಮಗೂ ಗೊತ್ತು, ಆದ್ರೆ ಉಳಿದ ಗಾರೆಯನ್ನೂ ಅದು ತೊಳೆದುಬಿಡ್ತದೆ. ಉಗುರು ಬೆಚ್ಚಗಿನ ನೀರು, ಐದು ಹತ್ತು ನಿಮಿಷದ ಸ್ನಾನ, ಪರಿಮಳ ಇಲ್ಲದ ಮೃದು ಸೋಪು ಬೇಕಾದ ಕಡೆಗೆ ಮಾತ್ರ. ಬೈರಾಸಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಬೇಕು. ದುಬಾರಿ ಬ್ರಾಂಡು ಬೇಡ, ಸಾದಾ ಬಿಳಿ ಪೆಟ್ರೋಲಿಯಂ ಜೆಲ್ಲಿ ಸಾಕು. ಹೆಚ್ಚಿನವರು ತಪ್ಪುವುದು ಪ್ರಮಾಣದಲ್ಲಿ. ಮೈಯೆಲ್ಲ ಒಣಗುವ ದೊಡ್ಡವರಿಗೆ ವಾರಕ್ಕೆ 250 ಗ್ರಾಂ ಬೇಕಾಗ್ತದೆ. ಬೆರಳ ತುದಿಯಲ್ಲಿ ಕಡಲೆಕಾಳಿನಷ್ಟು ತೆಗೆದು ಇಡೀ ಕೈಗೆ ಎಳೆದರೆ ಹಚ್ಚದಿದ್ದ ಹಾಗೆಯೇ.

ಇನ್ನು ಮಳೆಗಾಲ. ವರ್ಷಕ್ಕೆ 4000 ಮಿ.ಮೀ. ಹತ್ತಿರ ಮಳೆ ಬೀಳುವ ಜಿಲ್ಲೆ ನಮ್ಮದು, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸಿದ್ಧಕಟ್ಟೆ ದಾರಿಯಲ್ಲೋ ವೇಣೂರು ದಾರಿಯಲ್ಲೋ ಬಸ್ಸಿನಲ್ಲಿ ನಿಂತು ಬಂದು, ಒದ್ದೆ ಪ್ಯಾಂಟು, ಒದ್ದೆ ಸಾಕ್ಸಿನಲ್ಲೇ ಸಂಜೆಯವರೆಗೆ ಕೂತುಕೊಳ್ತೇವೆ. ಬಟ್ಟೆ ಒಣಗುವುದು ರೂಮಿನ ಫ್ಯಾನಿನ ಅಡಿ. ಗೋಡೆಗೆ ಬೂಸ್ಟು, ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳ. ಇವೆರಡೂ ಕೆಲವರ ಇಸುಬನ್ನು ಕೆರಳಿಸುತ್ತವೆ ಹೌದು. ಆದರೆ ಆಟಿ ತಿಂಗಳಲ್ಲಿ ತೊಡೆಸಂದಿ, ಸೊಂಟದ ಪಟ್ಟಿಯ ಜಾಗದಲ್ಲಿ ಹೊಸತಾಗಿ ಶುರುವಾಗುವ ತುರಿಕೆ ಬಹಳ ಸಲ ಇಸುಬೇ ಅಲ್ಲ, ಗಜಕರ್ಣ. ಅದು ಶಿಲೀಂಧ್ರದ ಸೋಂಕು. ಅಂಚು ಕೆಂಪಾಗಿ ಉಬ್ಬಿ, ನಡುವೆ ತಿಳಿಯಾಗಿ, ಉಂಗುರದ ಹಾಗೆ ಹರಡುತ್ತದೆ. ಒಂದೇ ಬೈರಾಸು ಇಬ್ಬರು ಬಳಸಿದ್ರೆ ದಾಟುತ್ತದೆ. ರಾತ್ರಿ ಜೋರಾಗುವ ತುರಿಕೆ ಬೆರಳ ಸಂದಿಯಲ್ಲಿದ್ದು, ರೂಮಿನ ಮೂರು ಜನರಿಗೂ ಒಟ್ಟಿಗೆ ಬಂದಿದ್ರೆ ಅದು ಕಜ್ಜಿ ಇರಬಹುದು. ಅದಕ್ಕೆ ಔಷಧವೇ ಬೇರೆ, ರೂಮಿನ ಎಲ್ಲರೂ ಒಂದೇ ದಿನ ಹಚ್ಚಬೇಕು.

ಕಿಟಕಿ ದಂಡೆಯ ಟ್ಯೂಬು ಅಪಾಯ ಮಾಡುವುದು ಇಲ್ಲಿ. ಮೆಡಿಕಲ್ಲಿನಲ್ಲಿ "ತುರಿಕೆಗೆ ಒಂದು ಕ್ರೀಮು ಕೊಡಿ" ಅಂದ್ರೆ ಸಿಗುವ ಬಹಳಷ್ಟು ಟ್ಯೂಬುಗಳಲ್ಲಿ ಮೂರು ಔಷಧ ಕಲಸಿರುತ್ತಾರೆ: ಬಲವಾದ ಸ್ಟಿರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್. ಗಜಕರ್ಣಕ್ಕೆ ಹಚ್ಚಿದ್ರೆ ಎರಡೇ ದಿನದಲ್ಲಿ ಕೆಂಪು, ತುರಿಕೆ ಎರಡೂ ಇಳಿಯುತ್ತವೆ. ಸ್ಟಿರಾಯ್ಡ್ ಆ ಜಾಗದ ರೋಗನಿರೋಧಕ ಶಕ್ತಿಯನ್ನು ಅಡಗಿಸಿದ್ದೇ ಅದಕ್ಕೆ ಕಾರಣ. ಅಡಿಯಲ್ಲಿ ಶಿಲೀಂಧ್ರ ಆರಾಮವಾಗಿ ಬೆಳೆಯುತ್ತಾ ಇರ್ತದೆ. ನಿಲ್ಲಿಸಿದ್ರೆ ದುಪ್ಪಟ್ಟಾಗಿ ಬರ್ತದೆ. ಉಂಗುರದ ಆಕಾರ ಅಳಿದುಹೋಗಿ ಡಾಕ್ಟರಿಗೂ ಗುರುತು ಸಿಗುವುದು ಕಷ್ಟ. ತಿಂಗಳುಗಟ್ಟಲೆ ಹಚ್ಚಿದ್ರೆ ತೊಡೆಸಂದಿಯ ಚರ್ಮ ತೆಳುವಾಗಿ, ಮತ್ತೆ ಹೋಗದ ಗೆರೆಗಳು ಮೂಡುತ್ತವೆ. ಈ ದುರ್ಬಳಕೆ ನೋಡಿಯೇ ಕೇಂದ್ರ ಸರಕಾರ 2018ರಲ್ಲಿ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು.

ಹಾಗಂತ ಸ್ಟಿರಾಯ್ಡ್ ಅಂದ ಕೂಡಲೇ ಹೆದರಿ ಓಡುವುದೂ ಸರಿ ಅಲ್ಲ. ನಿಜವಾದ ಇಸುಬು ಕೆರಳಿದಾಗ ಬೆಂಕಿ ಆರಿಸುವುದಕ್ಕೆ ಮೊದಲು ಕೊಡುವ ಔಷಧ ಅದೇ. ಡಾಕ್ಟರು ಜಾಗ ನೋಡಿ ಬಲ ನಿರ್ಧರಿಸುತ್ತಾರೆ. ಮುಖಕ್ಕೆ ಬರೆದದ್ದು ಅಂಗಾಲಿಗೆ ಸಾಲದು, ಅಂಗಾಲಿನದ್ದು ಮುಖಕ್ಕೆ ಆಗದು. ಅಳತೆಗೆ ಒಂದು ಸುಲಭ ಲೆಕ್ಕ ಉಂಟು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ್ರೆ ಸುಮಾರು ಅರ್ಧ ಗ್ರಾಂ, ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಕು. ಹೇಳಿದಷ್ಟು ದಿನ ಹಚ್ಚಿ ನಿಲ್ಲಿಸಿ. ಮಾಯಿಶ್ಚರೈಸರ್ ಮಾತ್ರ ನಿಲ್ಲಿಸಬೇಡಿ. ಆಟಿ ಅಮಾವಾಸ್ಯೆಗೆ ಹಾಳೆ ಮರದ ಕೆತ್ತೆಯ ಕಷಾಯ ನಾವೂ ಮುಖ ಕಿವುಚಿಕೊಂಡು ಕುಡಿದವರೇ. ಅದು ಕುಡಿದ ಧೈರ್ಯದಲ್ಲಿ ಇಸುಬಿನ ಔಷಧ ಬಿಡುವುದು ಬೇಡ.

ಮಾರ್ಚಿನಿಂದ ಮೇವರೆಗೆ ಬೆವರಿನ ಕಾಟ. ಬೆವರಿನ ಉಪ್ಪು ಬಿರಿದ ಚರ್ಮವನ್ನು ಉರಿಸುತ್ತದೆ, ಆಟ ಮುಗಿದ ಕೂಡಲೇ ತಣ್ಣೀರು ಸುರಿದುಕೊಂಡು ಹತ್ತಿಬಟ್ಟೆ ಹಾಕಿಕೊಳ್ಳಿ. ಈ ಕಾಲಕ್ಕೆ ದಪ್ಪ ಜೆಲ್ಲಿ, ತೆಂಗಿನೆಣ್ಣೆ ಅಂಟಂಟಾಗಿ ರೋಮದ ಬುಡದಲ್ಲಿ ಬೊಕ್ಕೆ ಏಳಿಸಬಹುದು, ತೆಳು ಲೋಷನ್ ವಾಸಿ. ರಜೆಯಲ್ಲಿ ಮನೆಯ ಗೇರುಬೀಜ ಹೆಕ್ಕುವವರು ಕೈಗವಸು ಹಾಕಿಕೊಳ್ಳಿ. ಸಿಪ್ಪೆಯ ಎಣ್ಣೆ ಗಟ್ಟಿ ಚರ್ಮವನ್ನೇ ಸುಡ್ತದೆ. ಸಿವಿಲ್ ಲ್ಯಾಬಿನ ಒದ್ದೆ ಸಿಮೆಂಟು, ವರ್ಕ್‌ಶಾಪಿನ ಕೂಲೆಂಟು ಕೂಡ ಕೈಯ ಇಸುಬಿಗೆ ವೈರಿಗಳೇ. ಲ್ಯಾಬಿನ ಇನ್‌ಚಾರ್ಜ್ ಸರ್ ಅಥವಾ ಮೇಡಂ ಹತ್ತಿರ ಮೊದಲೇ ಹೇಳಿ ಗ್ಲೌಸ್ ಕೇಳುವುದರಲ್ಲಿ ನಾಚಿಕೆ ಎಂತದ್ದು?

ತುರಿಸಿದ ಜಾಗದಲ್ಲಿ ಹಳದಿ ಹೊಪ್ಪಳೆ ಕಟ್ಟಿ ನೀರು ಸೋರಿದ್ರೆ, ಜ್ವರ ಬಂದ್ರೆ ಡಾಕ್ಟರಲ್ಲಿಗೆ ಹೋಗಿ. ಇದ್ದಕ್ಕಿದ್ದಂತೆ ನೋವಿರುವ ಸಣ್ಣ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದರೆ ಹರ್ಪಿಸ್ ವೈರಸ್ ಸೇರಿರಬಹುದು, ಅದಕ್ಕೆ ಇಂಟರ್ನಲ್ಸ್ ಮುಗಿಯಲಿ ಅಂತ ಕಾಯಬೇಡಿ, ಅದೇ ದಿನ ತೋರಿಸಿ. ಬಂಟ್ವಾಳ, ಬೆಳ್ತಂಗಡಿಯಲ್ಲಿ ತಾಲೂಕು ಆಸ್ಪತ್ರೆ ಉಂಟು, ಮಂಗಳೂರಿನಲ್ಲಿ ವೆನ್ಲಾಕ್ ಉಂಟು. ಹೋಗುವಾಗ ಆ ಕಿಟಕಿ ದಂಡೆಯ ಟ್ಯೂಬನ್ನೂ ಕಿಸೆಯಲ್ಲಿ ಹಾಕಿಕೊಳ್ಳಿ. ಇಷ್ಟು ದಿನ ಹಚ್ಚಿದ್ದು ಏನು ಅಂತ ಡಾಕ್ಟರು ಮೊದಲು ಕೇಳುವುದು ಅದನ್ನೇ.